ಹಳ್ಳ ಎಲ್ಲಿ ಹುಟ್ಟುತ್ತೆ?

ಊರು ಮುಗಿಯಿತು ಅನ್ನುವ ಹೊತ್ತಿಗೆ ಒಂದು ಹಳ್ಳ ಸಿಗುತ್ತಿತ್ತು. ಉದ್ದ ಎರಡೂವರೆ ಕಿಲೋಮೀಟರು. ಅಗಲ, ಗಟ್ಟಿ ಕಾಲಿನವರು ಓಡಿಬಂದು ಹಾರಿದರೆ ದಾಟುವಷ್ಟು.

ಗುಡ್ಡದ ಕಡೆಯಿಂದ ಬಂದು, ಕಲ್ಯಾಣಮಂಟಪದ ಹಿಂದೆ ಹಾದು, ಹೊಸ ಬಡಾವಣೆಯ ಕಾಂಪೌಂಡುಗಳ ಬುಡ ಸವರಿಕೊಂಡು, ರೈಲುಹಳಿಯ ಕೆಳಗೆ ನುಸುಳಿ ಅದು ಕೆರೆ ಸೇರುತ್ತಿತ್ತು. ಹಳಬರು ಅದನ್ನು ಹಳ್ಳ ಅನ್ನುತ್ತಿದ್ದರು. ಬಡಾವಣೆಯವರು ಮೋರಿ ಅನ್ನುತ್ತಿದ್ದರು.

ಹಳಿಗಿಂತ ಸ್ವಲ್ಪ ಮೊದಲು, ದಂಡೆಯ ಮೇಲೆ, ಮರುಳಯ್ಯನವರ ಆಶ್ರಮವಿತ್ತು. ಆಶ್ರಮ ಅಂದರೆ ಮೂರು ಹೆಂಚಿನ ಕೋಣೆ, ಒಂದು ಹೊಂಗೆಮರ, ಒಂದು ಬಾವಿ. ಅಯ್ಯನವರಿಗೆ ಎಂಬತ್ತು ದಾಟಿತ್ತು. ಅವರು ಪ್ರವಚನ ಮಾಡುತ್ತಿರಲಿಲ್ಲ. ಬಂದವರಿಗೆ ಮಜ್ಜಿಗೆ ಕೊಟ್ಟು, ಅವರ ಮಾತು ಕೇಳಿಸಿಕೊಂಡು, ಒಂದೋ ಎರಡೋ ಮಾತು ಆಡಿ ಕಳಿಸುತ್ತಿದ್ದರು.

ಅಲ್ಲಿಗೆ ವೈಜಯಂತಿ ಬಂದಳು.

ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ಭೂಗೋಳ ಹೇಳಿಕೊಟ್ಟವಳು. ಎಂಥ ನದಿಯನ್ನೂ ಕಪ್ಪುಹಲಗೆಯ ಮೇಲೆ ಐದು ನಿಮಿಷದಲ್ಲಿ ಹುಟ್ಟಿಸಿ, ಹರಿಸಿ, ಸಮುದ್ರಕ್ಕೆ ಸೇರಿಸಿಬಿಡುತ್ತಿದ್ದಳು. ಮದುವೆಯಾಗಿರಲಿಲ್ಲ. ನಿವೃತ್ತಿಯಾದ ಮೇಲೆ ದಿನಗಳು ಸಿಕ್ಕು ಸಿಕ್ಕಾದವು. ಯಾವುದಕ್ಕೂ ಮೊದಲು ಕೊನೆ ತಿಳಿಯದಂತಾಗಿ, ಒಂದು ಬ್ಯಾಗು ಹಿಡಿದು ಅಯ್ಯನವರ ಮುಂದೆ ಬಂದು ಕೂತಳು.

"ನನಗೆ ಎಲ್ಲ ಸ್ಪಷ್ಟವಾಗಬೇಕು, ಅಯ್ಯನವರೇ."

"ಎಲ್ಲ ಅಂದರೆ?"

"ಎಲ್ಲ."

ಅಯ್ಯನವರು ಮಜ್ಜಿಗೆಯ ಲೋಟ ಮುಂದಿಟ್ಟರು. ಅವಳು ಕುಡಿದು ಮುಗಿಸುವವರೆಗೆ ಕಾದರು.

"ಸರಿ. ಈ ಹಳ್ಳ ಎಲ್ಲಿ ಹುಟ್ಟುತ್ತೆ ನೋಡಿಕೊಂಡು ಬಾ, ತಾಯಿ."

ವೈಜಯಂತಿಗೆ ನಗು ಬಂತು. ಇದು ಒಂದು ಬೆಳಗಿನ ಕೆಲಸ.

ಮಾರನೆಯ ದಿನ ಗುಡ್ಡದ ಬುಡದವರೆಗೆ ನಡೆದಳು. ಎರಡು ಬಂಡೆಗಳ ನಡುವೆ ಹಸಿ ಪಾಚಿಯಿತ್ತು. ಪುಸ್ತಕದಲ್ಲಿ ಗುರುತು ಹಾಕಿಕೊಂಡು ಹಿಂತಿರುಗಿದಳು.

"ಗುಡ್ಡದ ಬುಡದಲ್ಲಿ ಹುಟ್ಟುತ್ತೆ."

"ಅಲ್ಲಿ ನೀರಿತ್ತಾ?"

"ಈಗಿಲ್ಲ. ಪಾಚಿ ಇದೆ."

"ಇಲ್ಲಿ ಹರೀತಿದೆಯಲ್ಲ, ಇದು ಯಾವುದು ಮತ್ತೆ?"

ಅವಳು ಪುಸ್ತಕ ತೆರೆದು ಆ ಗುರುತನ್ನು ಹೊಡೆದುಹಾಕಿದಳು.

ಮರುದಿನ ಆಶ್ರಮದಿಂದಲೇ ಹೊರಟು ನೀರಿನ ಗುಂಟ ಮೇಲೆ ಮೇಲೆ ಹೋದಳು. ಕಲ್ಯಾಣಮಂಟಪದ ಅಡುಗೆಮನೆಯಿಂದ ಒಂದು ಪೈಪು ಬಂದು ಹಳ್ಳಕ್ಕೆ ಬೀಳುತ್ತಿತ್ತು. ಯಾರದೋ ಮನೆಯ ಸಂಪು ತುಂಬಿ ಚೆಲ್ಲುತ್ತಿತ್ತು. ಒಂದು ಕಡೆ ಒಡೆದ ಕೊಳವೆ. ಇನ್ನೊಂದು ಕಡೆ ಪೈಪೂ ಇಲ್ಲ, ಮನೆಯೂ ಇಲ್ಲ, ಬರೀ ಮಣ್ಣಿನ ದಂಡೆಯಿಂದ ತಣ್ಣಗೆ ನೀರು ಜಿನುಗುತ್ತಿತ್ತು. ಹನ್ನೊಂದು ಕಡೆ ನೀರು ಸೇರುವುದನ್ನು ಬರೆದುಕೊಂಡಳು.

ದಂಡೆಯಲ್ಲಿ ಚೌಡಕ್ಕ ಸೊಪ್ಪು ಕೊಯ್ಯುತ್ತಿದ್ದಳು. ಹೊನಗೊನೆ, ಒಂದೆಲಗ, ಕೆಸುವಿನ ಎಲೆ. ಮೂವತ್ತು ವರ್ಷದಿಂದ ಆ ಹಳ್ಳದ ಸೊಪ್ಪನ್ನೇ ಮಾರಿ ಬದುಕಿದವಳು.

"ಏನು ಹುಡುಕ್ತಾ ಇದೀರ ಮೇಡಮ್ಮೋರೇ?"

"ಹಳ್ಳ ಎಲ್ಲಿಂದ ಬರುತ್ತೆ ಅಂತ."

"ಯಾವಾಗ?"

"ಯಾವಾಗ ಅಂದರೆ?"

"ಬೇಸಿಗೇಲಿ ಮೇಲಿಂದ ಬರುತ್ತೆ. ಕೆರೆ ತುಂಬಿದಾಗ ಕೆಳಗಿಂದ ಬರುತ್ತೆ. ನೀರು ಹಿಂದಕ್ಕೆ ಒತ್ತುತ್ತಲ್ಲ, ಆಗ ಮೀನೆಲ್ಲ ಕೆರೆಯಿಂದ ಇಲ್ಲಿಗೆ ಹತ್ತಿ ಬರ್ತವೆ. ಎಂಟು ದಿನ ಹಳ್ಳ ಉಲ್ಟಾ ಹರಿಯುತ್ತೆ."

ವೈಜಯಂತಿ ಪುಸ್ತಕದಲ್ಲಿ ಬಾಣದ ಗುರುತು ಹಾಕಿದ್ದಳು. ಈಗ ಅದರ ಮೊನೆಯನ್ನು ಯಾವ ಕಡೆ ತಿರುಗಿಸಬೇಕೋ ತಿಳಿಯದೆ ನಿಂತಳು.

ಆಶ್ರಮಕ್ಕೆ ಬಂದು ಹನ್ನೊಂದೂ ಜಾಗಗಳನ್ನು ಓದಿ ಹೇಳಿದಳು. ಅಯ್ಯನವರು ಕಣ್ಣು ಮುಚ್ಚಿಕೊಂಡು ಕೇಳಿದರು.

"ಮಿಂಚುಳ್ಳಿ ಎಲ್ಲಿ ಕೂತಿತ್ತು?"

"ಯಾವ ಮಿಂಚುಳ್ಳಿ?"

"ಹಾಗಾದರೆ ಇನ್ನೊಂದು ಸಲ ಹೋಗು."

ಹೀಗೆ ಎರಡು ತಿಂಗಳು ಕಳೆಯಿತು.

ಮಿಂಚುಳ್ಳಿ ಕೇಬಲ್ ತಂತಿಯ ಮೇಲೆ ಕೂರುತ್ತಿತ್ತು. ಜೊಂಡಿನೊಳಗೆ ಹುಂಡುಕೋಳಿ ತನ್ನ ಕಪ್ಪು ಮರಿಗಳನ್ನು ಸಾಲು ಕಟ್ಟಿಸಿಕೊಂಡು ಓಡಾಡುತ್ತಿತ್ತು. ದಂಡೆಯ ಮಣ್ಣಿನಲ್ಲಿ ಏಡಿಯ ಬಿಲಗಳಿದ್ದವು. ನೀರೊಳ್ಳೆ ಹಾವು ತಲೆಯಷ್ಟನ್ನೇ ಮೇಲಿಟ್ಟು ಈಜುತ್ತಿತ್ತು. ಒಂದು ಆಮೆ ಹಳ್ಳ ಬಿಟ್ಟು ರಸ್ತೆ ದಾಟಿ, ಎದುರಿನ ಸೈಟಿನ ಹುಲ್ಲಿನಲ್ಲಿ ಮರೆಯಾಯಿತು. ಅದನ್ನು ಹಳ್ಳದ ಪ್ರಾಣಿ ಎಂದು ಬರೆಯುವುದೋ ಬೇಡವೋ ಎಂದು ವೈಜಯಂತಿ ಅರ್ಧ ದಿನ ಯೋಚಿಸಿದಳು. ನೀರು ಕುಡಿಯಲು ಬರುವ ಹಸುವಿನ ಬಗ್ಗೆಯೂ ಹೀಗೇ ಆಯಿತು. ಸಂಜೆ ಮುಂಗುಸಿ ಬಂತು. ಅದು ಯಾರ ಪ್ರಾಣಿ?

ಪುಟಗಳು ತುಂಬಿದಷ್ಟೂ ತಲೆ ಖಾಲಿಯಾದಂತೆ ಅನ್ನಿಸುತ್ತಿತ್ತು. ಬಂದಾಗ ಎಷ್ಟು ತಿಳಿದಿತ್ತೋ ಅದಕ್ಕಿಂತ ಈಗ ಕಡಿಮೆ ತಿಳಿದಿತ್ತು.

"ಅಯ್ಯನವರೇ, ಇದು ಮುಗಿಯುವ ಹಾಗೆ ಕಾಣಲ್ಲ."

"ಮುಗಿಸು ಅಂತ ನಾನು ಹೇಳಿದ್ದೆನಾ?" ಅಂದರು ಅಯ್ಯನವರು.

ಆ ದಿನಗಳಲ್ಲೇ ತಿಮ್ಮರಾಯಪ್ಪನವರು ಆಶ್ರಮಕ್ಕೆ ಬಂದರು.

ಬಡಾವಣೆಯ ನಿವಾಸಿಗಳ ಸಂಘಕ್ಕೆ ಅವರು ಅಧ್ಯಕ್ಷರು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಮಾತಾಡಿದರೆ ಮೈದಾನದ ಆಚೆ ತುದಿಗೂ ಕೇಳಬೇಕು, ಅಂಥ ಗಂಟಲು. ಆದರೆ ಆ ದಿನ ಮೆಲ್ಲಗೆ ಮಾತಾಡಿದರು.

"ಈ ಮೋರಿ ಮುಚ್ಚಿಸಬೇಕು ಅಂತ ಪುರಸಭೆಗೆ ಅರ್ಜಿ ಕೊಟ್ಟಿದೀವಿ, ಅಯ್ಯನವರೇ. ಮೇಲೆ ಕಾಂಕ್ರೀಟ್ ಚಪ್ಪಡಿ ಹಾಕಿಬಿಟ್ಟರೆ ಆಯ್ತು. ಹಳ್ಳ ಆದರೆ ಮುಚ್ಚೋ ಹಾಗಿಲ್ಲವಂತೆ. ಅದಕ್ಕೆ ಇದು ಹಳ್ಳವೋ ಮೋರಿಯೋ ಅಂತ ತಿಳಿದವರಿಂದ ಬರೆಸಿಕೊಂಡು ಬನ್ನಿ ಅಂತಾರೆ. ಮೇಡಂ ಭೂಗೋಳದವರು. ಅವರು ಮೋರಿ ಅಂತ ಒಂದು ಮಾತು ಬರೆದರೆ ಸಾಕು."

"ಯಾಕೆ ಮುಚ್ಚಬೇಕು?" ಎಂದಳು ವೈಜಯಂತಿ.

ತಿಮ್ಮರಾಯಪ್ಪ ಅವಳ ಕಡೆ ನೋಡಲಿಲ್ಲ. ಹರಿಯುವ ನೀರಿನ ಕಡೆ ನೋಡಿದರು.

"ಹೋದ ಮಳೆಗಾಲದಲ್ಲಿ ಡೆಂಗ್ಯೂ ಬಂದು ನನ್ನ ಮಗಳು ಹೋದಳು. ಮೇದಿನಿ. ಇಪ್ಪತ್ತು ವರ್ಷ. ಜ್ವರ ಬಂದು ಆರನೇ ದಿನ. ಈ ಮೋರಿಯ ಸೊಳ್ಳೆ ಕಚ್ಚಿ."

ಅಯ್ಯನವರು ಅವರ ಕೈ ಹಿಡಿದು ಸ್ವಲ್ಪ ಹೊತ್ತು ಕೂತರು.

ಅವರು ಹೋದ ಮೇಲೆ ವೈಜಯಂತಿ ಕೇಳಿದಳು, "ನಾನೇನು ಬರೆಯಲಿ?"

"ನೀನೇನು ಕಂಡೆ?"

"ಕಂಡದ್ದು ಎರಡೂ ಹೌದು. ಹಳ್ಳವೂ ಹೌದು, ಮೋರಿಯೂ ಹೌದು."

"ಎರಡೂ ಆದರೆ ಎರಡೂ ಅಂತ ಬರೆ."

"ಹಾಗೆ ಬರೆದರೆ ಯಾರೂ ಒಪ್ಪಲ್ಲ."

"ಅದು ಬರೆಯುವವರ ತೊಂದರೆ," ಎಂದು ಅಯ್ಯನವರು ಹೊಂಗೆಯ ನೆರಳಿಗೆ ಹೋಗಿ ಮಲಗಿಬಿಟ್ಟರು.

ಅವಳಿಗೆ ಸಿಟ್ಟು ಬಂತು. ಒಂದು ಕಡೆ ಹುಂಡುಕೋಳಿಯ ಮರಿಗಳು, ಚೌಡಕ್ಕನ ಸೊಪ್ಪು. ಇನ್ನೊಂದು ಕಡೆ ಮಗಳನ್ನು ಕಳೆದುಕೊಂಡ ತಂದೆ. ಈ ಮುದುಕರಿಗೆ ನಿದ್ದೆ ಹೇಗೆ ಬರುತ್ತೆ?

ಎರಡು ದಿನ ಬಿಟ್ಟು ತಿಮ್ಮರಾಯಪ್ಪ ಅವಳನ್ನು ಮನೆಗೆ ಕರೆದರು.

"ಮಹಡಿಯ ಮೇಲಿಂದ ನೋಡಿ ಮೇಡಂ. ಮೋರಿ ಇಡೀ ಕಾಣುತ್ತೆ. ನಕ್ಷೆ ಬರೆಯೋಕೆ ಅನುಕೂಲ."

ನಿಜ. ಮಹಡಿಯಿಂದ ಗುಡ್ಡದಿಂದ ಕೆರೆಯವರೆಗೆ ಎಲ್ಲವೂ ಕಂಡಿತು. ಅವಳು ಪುಸ್ತಕ ತೆರೆದಳು. ಆಗ ಮೂಲೆಯಲ್ಲಿದ್ದ ದೊಡ್ಡ ಮಣ್ಣಿನ ಕುಂಡ ಕಣ್ಣಿಗೆ ಬಿತ್ತು. ಅದರ ತುಂಬ ನೀರು. ಮೇಲೆ ಎರಡು ತಾವರೆ ಎಲೆ.

"ಅದು ಮೇದಿನಿ ಇಟ್ಟದ್ದು," ಎಂದರು ತಿಮ್ಮರಾಯಪ್ಪ. "ಯಾರೂ ಮುಟ್ಟಲ್ಲ. ನೀರು ಕಡಿಮೆಯಾದರೆ ನಾನೇ ಒಂದು ಬಿಂದಿಗೆ ಹಾಕ್ತೀನಿ, ಅಷ್ಟೆ."

ವೈಜಯಂತಿ ಬಗ್ಗಿ ನೋಡಿದಳು.

ತಿಳಿ ನೀರು. ಅದರೊಳಗೆ ಕಪ್ಪು ದಾರದ ಚೂರುಗಳಂಥವು, ನೂರಾರು, ಕೊಂಕುತ್ತ ಮೇಲೆ ಬರುತ್ತಿದ್ದವು, ಕೊಂಕುತ್ತ ಕೆಳಗೆ ಹೋಗುತ್ತಿದ್ದವು.

ಸೊಳ್ಳೆಮರಿಗಳು.

ಡೆಂಗ್ಯೂ ಹರಡುವ ಸೊಳ್ಳೆ ನಿಂತ ತಿಳಿ ನೀರಿನಲ್ಲಿ ಮೊಟ್ಟೆ ಇಡುತ್ತದೆ ಎಂದು ಕಾಲೇಜಿನ ಗೋಡೆಯ ಮೇಲೆ ವರ್ಷ ವರ್ಷ ಚಿತ್ರ ಅಂಟಿಸಿದ್ದು ಅವಳೇ. ನೆಟ್ಟಗೆ ನಿಂತಳು. ತಿಮ್ಮರಾಯಪ್ಪ ಅವಳನ್ನೇ ನೋಡುತ್ತಿದ್ದರು.

"ಚೆನ್ನಾಗಿದೆ," ಅಂದಳು.

ಅಲ್ಲಿಂದ ನೇರವಾಗಿ ಹಳ್ಳಕ್ಕೆ ಹೋದಳು. ಚೌಡಕ್ಕನ ಹತ್ತಿರ ಒಂದು ಬಿಳಿ ಬೋಗುಣಿ ಇಸಿದುಕೊಂಡು ಹಳ್ಳದ ನೀರನ್ನು ಇಪ್ಪತ್ತು ಕಡೆ ಮೊಗೆದು ನೋಡಿದಳು. ನೀರು ಹರಿಯುವ ಕಡೆ ಮರಿಗಳಿರಲಿಲ್ಲ. ಮೀನಿದ್ದ ಮಡುವಿನಲ್ಲಿ ಇರಲಿಲ್ಲ. ದಂಡೆಯ ಮೇಲೆ ಬಿದ್ದ ತೆಂಗಿನ ಚಿಪ್ಪಿನಲ್ಲಿ ಇದ್ದವು. ಯಾರೋ ಎಸೆದ ಟೈರಿನಲ್ಲಿ ಇದ್ದವು.

"ಚುಕ್ಕೆ ಮೀನು ಇರೋ ಕಡೆ ಒಂದೂ ಉಳಿಯಲ್ಲ," ಎಂದಳು ಚೌಡಕ್ಕ. ಬೆರಳುದ್ದದ ಮೀನು. ನೆತ್ತಿಯ ಮೇಲೆ ಬೆಳ್ಳಿಯ ಹನಿಯಂಥ ಒಂದು ಚುಕ್ಕೆ. ನೀರಿನ ಮೇಲ್ಮೈಗೆ ಮೂತಿ ತಾಗಿಸಿಕೊಂಡು ಈಜುತ್ತಿತ್ತು.

ವೈಜಯಂತಿ ಓಡುತ್ತಲೇ ಆಶ್ರಮಕ್ಕೆ ಬಂದಳು.

"ಅಯ್ಯನವರೇ, ಸತ್ಯ ಸಿಕ್ಕಿತು."

"ಯಾರದು?"

"ಆ ಹುಡುಗಿಯನ್ನು ಕೊಂದದ್ದು ಹಳ್ಳ ಅಲ್ಲ. ಅವಳ ತಾವರೆ ಕುಂಡ."

ಅಯ್ಯನವರು ಕೈಯಲ್ಲಿದ್ದ ಕಸಬರಿಕೆ ಕೆಳಗಿಟ್ಟರು.

"ಅದನ್ನು ಹೇಳಿದರೆ ಹಳ್ಳ ಉಳಿಯುತ್ತೆ," ಎಂದಳು. "ಆ ಮನುಷ್ಯ ಉಳಿಯಲ್ಲ. ವರ್ಷದಿಂದ ತನ್ನ ಕೈಯಾರೆ ಆ ಕುಂಡಕ್ಕೆ ನೀರು ಹಾಕ್ತಿದಾರೆ. ಹೇಳದಿದ್ದರೆ ಹಳ್ಳ ಹೋಗುತ್ತೆ, ಸೊಳ್ಳೆಮರಿ ಕುಂಡದಲ್ಲೇ ಬೆಳೀತವೆ, ನಾಳೆ ಇನ್ನೊಬ್ಬರ ಮಗಳು. ಹೇಳಲಾ? ಬೇಡವಾ? ನನಗೆ ತಲೆಯೇ ಓಡ್ತಿಲ್ಲ. ಈ ಸಲವಾದರೂ ನೇರವಾಗಿ ಹೇಳಿ."

ಅಯ್ಯನವರು ಒಳಗೆ ಹೋದರು. ಒಂದು ಹಳೆಯ ಪಂಚೆ ಮತ್ತು ತಾಮ್ರದ ಚೊಂಬು ತಂದರು.

"ಆ ತುದಿ ಹಿಡಿ ಬಾ."

"ನಾನು ಕೇಳಿದ್ದಕ್ಕೆ..."

"ಹಿಡಿ ಬಾ ತಾಯಿ. ನನಗೆ ಒಬ್ಬನಿಗೇ ಆಗಲ್ಲ."

ಇಬ್ಬರೂ ಮೊಣಕಾಲುದ್ದ ನೀರಿಗಿಳಿದರು. ಪಂಚೆಯ ಎರಡು ತುದಿ ಹಿಡಿದು ನೀರನ್ನು ಸೋಸಿದರು. ಎರಡು ಸಲ ಬರೀ ಎಲೆ ಬಂತು. ಒಂದು ಸಲ ಏಡಿ ಬಂದು ಅಯ್ಯನವರ ಬೆರಳು ಕಚ್ಚಿತು. ಅವರು ಹಾ ಎಂದು ಕೂಗಿ, ನಕ್ಕು, ಅದನ್ನು ಬಿಡಿಸಿ ನೀರಿಗೆ ಬಿಟ್ಟರು. ಕೊನೆಗೆ ಒಂಬತ್ತು ಚುಕ್ಕೆ ಮೀನು ಚೊಂಬಿಗೆ ಬಂದವು.

ಒದ್ದೆ ಬಟ್ಟೆಯಲ್ಲೇ ತಿಮ್ಮರಾಯಪ್ಪನವರ ಮನೆಗೆ ಹೋದರು.

ಬಾಗಿಲು ತೆರೆದವರು ಅವರ ಹೆಂಡತಿ ನರಸಮ್ಮ. ಹಿಂದೆಯೇ ತಿಮ್ಮರಾಯಪ್ಪ ಬಂದರು.

"ಮಗಳ ತಾವರೆಗೆ ಜೊತೆ ತಂದಿದೀನಪ್ಪ," ಎಂದು ಅಯ್ಯನವರು ಚೊಂಬು ತೋರಿಸಿದರು.

ತಿಮ್ಮರಾಯಪ್ಪ ಒಳಗೆ ಇಣುಕಿದರು.

"ಎಲ್ಲಿಯ ಮೀನು?"

"ಹಳ್ಳದ್ದು."

ಅವರ ಮುಖ ಕೆಂಪಾಯಿತು. ಗಂಟಲು ಮೊದಲಿನಂತಾಯಿತು. ಬೀದಿಗೆಲ್ಲ ಕೇಳಿಸಿತು.

"ಅವಳನ್ನ ಕೊಂದ ನೀರನ್ನ ತಂದು ಅವಳ ಕುಂಡಕ್ಕೆ ಸುರೀತೀರಾ? ನೀವು ದೊಡ್ಡವರು ಅಂತ ಸುಮ್ಮನಿದೀನಿ. ಬೇರೆ ಯಾರಾದ್ರೂ ಆಗಿದ್ದಿದ್ರೆ..."

ಅಯ್ಯನವರು ಚೊಂಬು ಹಿಡಿದು ನಿಂತೇ ಇದ್ದರು. ಪಂಚೆಯಿಂದ ನೀರು ತೊಟ್ಟಿಕ್ಕಿ ಹೊಸಿಲ ಮುಂದಿನ ರಂಗೋಲಿ ಕದಡಿತು. ವೈಜಯಂತಿಗೆ ಈಗಲೇ ಹೇಳಿಬಿಡೋಣ ಅನ್ನಿಸಿತು. ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ನರಸಮ್ಮ ಅಂದರು, "ಬಿಡಲಿ ಬಿಡಿ."

"ಏನು ಬಿಡಲಿ?"

"ಮೀನು. ಅವಳಿದ್ದಿದ್ರೆ ಬೇಡ ಅಂತಿದ್ಲಾ? ತಾನೇ ಇಳಿದು ಹಿಡಿದು ತರೋಳು."

ತಿಮ್ಮರಾಯಪ್ಪ ಹೆಂಡತಿಯ ಮುಖ ನೋಡಿದರು. ಆಮೇಲೆ ಬಾಗಿಲಿನಿಂದ ಸರಿದು ನಿಂತರು.

ನಾಲ್ವರೂ ಮಹಡಿಗೆ ಹೋದರು. ಅಯ್ಯನವರು ಚೊಂಬನ್ನು ಕುಂಡದ ಅಂಚಿಗಿಟ್ಟು ನಿಧಾನವಾಗಿ ಓರೆ ಮಾಡಿದರು. ಮೀನುಗಳು ಒಂದೊಂದಾಗಿ ಜಾರಿ ಎಲೆಯ ಕೆಳಗೆ ಸೇರಿದವು. ಬೆಳ್ಳಿ ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಮಿನುಗಿದವು. ತಿಮ್ಮರಾಯಪ್ಪ ಬೆನ್ನು ತಿರುಗಿಸಿ ನಿಂತಿದ್ದರು.

ಮೆಟ್ಟಿಲಿಳಿಯುವಾಗ ನರಸಮ್ಮ ವೈಜಯಂತಿಯ ಹತ್ತಿರ ಮೆಲ್ಲಗೆ ಹೇಳಿದರು.

"ಅವಳಿದ್ದಾಗ ಪ್ರತಿ ಭಾನುವಾರ ಆ ಕುಂಡದ ನೀರೆಲ್ಲ ಚೆಲ್ಲಿ, ಉಜ್ಜಿ ತೊಳೆದು, ಹೊಸ ನೀರು ತುಂಬೋಳು ಮೇಡಂ. ಸೊಳ್ಳೆ ಆಗುತ್ತಮ್ಮ ಅಂತ ನನಗೇ ಪಾಠ ಹೇಳೋಳು. ಅವಳು ಹೋದ ಮೇಲೆ ಕೈ ಹಾಕೋಕೆ ನನಗೆ ಧೈರ್ಯ ಬರಲಿಲ್ಲ."

ವೈಜಯಂತಿ ಮೆಟ್ಟಿಲ ಮೇಲೆ ನಿಂತುಬಿಟ್ಟಳು.

ಹೋದ ವರ್ಷ ಕುಂಡ ಶುದ್ಧವಾಗಿತ್ತು. ಹಾಗಾದರೆ ಆ ಸೊಳ್ಳೆ ಕುಂಡದ್ದಲ್ಲ. ಅಥವಾ ಜ್ವರದ ಹಿಂದಿನ ಭಾನುವಾರ ಹುಡುಗಿ ತೊಳೆಯುವುದನ್ನು ಮರೆತಿದ್ದಳೇ? ಅಥವಾ ಪಕ್ಕದ ಮನೆಯ ಡ್ರಮ್ಮಿನದೇ? ಕಾಲೇಜಿನ ಬಸ್ಸಿನಲ್ಲಿ ಕಚ್ಚಿತೇ? ಒಂದು ಗಂಟೆಯ ಹಿಂದೆ ಕೈಯಲ್ಲಿ ಭದ್ರವಾಗಿ ಹಿಡಿದಿದ್ದ ಸತ್ಯ ಎತ್ತಲೋ ಜಾರಿಹೋಯಿತು. ಅದನ್ನು ಆಗಲೇ ಬಾಗಿಲಲ್ಲಿ ಹೇಳಿಬಿಟ್ಟಿದ್ದರೆ?

ದಾರಿಯಲ್ಲಿ ಕೇಳಿದಳು, "ಇದು ನಿಮಗೆ ಗೊತ್ತಿತ್ತಾ, ಅಯ್ಯನವರೇ?"

"ಏನು?"

"ಅವಳು ವಾರ ವಾರ ನೀರು ಬದಲಾಯಿಸ್ತಿದ್ದದ್ದು."

"ನನಗೆ ಹೇಗೆ ಗೊತ್ತಾಗಬೇಕು? ಈಗ ನೀನು ಹೇಳಿದೆ."

"ಮತ್ತೆ ಯಾಕೆ ನೀವು ಅವರಿಗೆ ಏನೂ ಹೇಳಲಿಲ್ಲ?"

"ಮರಿ ಇತ್ತು, ಮೀನು ಬಿಟ್ಟೆ. ಹೇಳೋಕೆ ಏನಿತ್ತು?"

ಅಯ್ಯನವರು ಮಾತು ಮರೆಸಿದರೋ, ಮುಚ್ಚಿಟ್ಟರೋ, ನಿಜವನ್ನೇ ಹೇಳಿದರೋ ಅವಳಿಗೆ ಬಗೆಹರಿಯಲಿಲ್ಲ.

ಮುಂದಿನ ವಾರ ಬಡಾವಣೆಯ ಸಮುದಾಯ ಭವನದಲ್ಲಿ ಸಭೆ ಸೇರಿತು. ಪುರಸಭೆಯಿಂದ ಒಬ್ಬ ಎಂಜಿನಿಯರ್ ಬಂದಿದ್ದರು. ತಿಮ್ಮರಾಯಪ್ಪ ಮುಂದಿನ ಸಾಲಿನಲ್ಲಿದ್ದರು. ಚೌಡಕ್ಕ ಬಾಗಿಲ ಬಳಿ ಸೊಪ್ಪಿನ ಬುಟ್ಟಿಯ ಪಕ್ಕ ನಿಂತಿದ್ದಳು.

"ಹೇಳಿ ಮೇಡಂ," ಎಂದರು ಎಂಜಿನಿಯರ್. "ಇದು ಹಳ್ಳವೋ, ಮೋರಿಯೋ?"

ವೈಜಯಂತಿ ಎದ್ದು ನಿಂತಳು. ಪುಸ್ತಕ ತೆರೆದಳು, ಮುಚ್ಚಿದಳು.

"ನನಗೆ ಗೊತ್ತಿಲ್ಲ."

ಸಭೆಯಲ್ಲಿ ಗುಸುಗುಸು ಎದ್ದಿತು. ಯಾರೋ ನಕ್ಕರು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಈ ಮಾತನ್ನು ಅವಳು ನಾಲ್ಕು ಜನರ ಮುಂದೆ ಆಡಿರಲಿಲ್ಲ.

"ಎಲ್ಲಿ ಹುಟ್ಟುತ್ತೆ ಅನ್ನೋದಾದರೂ?"

"ಅದೂ ಗೊತ್ತಿಲ್ಲ. ಹನ್ನೊಂದು ಕಡೆಯಿಂದ ನೀರು ಬರುತ್ತೆ. ನಾಲ್ಕು ಕಡೆ ಕೊಳಕು, ಆರು ಕಡೆ ತಿಳಿ. ಒಂದು ಕಡೆ ಎಲ್ಲಿಂದ ಬರುತ್ತೆ ಅನ್ನೋದೇ ತಿಳಿಯಲ್ಲ. ಮಳೆಗಾಲದಲ್ಲಿ ಎಂಟು ದಿನ ಹಿಂದಕ್ಕೆ ಹರಿಯುತ್ತಂತೆ. ಅದನ್ನು ನಾನಿನ್ನೂ ನೋಡಿಲ್ಲ."

"ಸೊಳ್ಳೆ?"

ತಿಮ್ಮರಾಯಪ್ಪ ತಲೆ ಎತ್ತಿದರು.

"ಹರಿಯುವ ಕಡೆ ಸಿಗಲಿಲ್ಲ. ದಂಡೆಯ ಟೈರಿನಲ್ಲಿ ಸಿಕ್ಕವು, ಚಿಪ್ಪಿನಲ್ಲಿ ಸಿಕ್ಕವು. ನಮ್ಮ ಆಶ್ರಮದ ಹಿಂದಿನ ನೀರಿನ ಬಾನಿಯಲ್ಲೂ ಸಿಕ್ಕವು. ನಿನ್ನೆಯೇ ಅದನ್ನು ಖಾಲಿ ಮಾಡಿದೆ." ಅವಳು ಅಲ್ಲಿಗೆ ನಿಲ್ಲಿಸಿದಳು. "ಹೋದ ವರ್ಷ ಎಲ್ಲಿದ್ದವು ಅಂತ ನಾನು ಹೇಳಲಾರೆ. ಯಾರೂ ಹೇಳಲಾರರು."

"ಹಾಗಾದರೆ ಮುಚ್ಚೋದೇ ಒಳ್ಳೇದು," ಎಂದರು ಎಂಜಿನಿಯರ್. "ಅಧ್ಯಕ್ಷರೇ, ನೀವೇನಂತೀರಿ?"

ತಿಮ್ಮರಾಯಪ್ಪ ಎದ್ದರು. ಎಲ್ಲರೂ ಆ ದೊಡ್ಡ ಗಂಟಲಿಗಾಗಿ ಕಾದರು. ಅವರು ವೈಜಯಂತಿಯ ಮುಖವನ್ನೇ ಬಹಳ ಹೊತ್ತು ನೋಡಿದರು.

"ಇನ್ನೊಂದು ಮಳೆಗಾಲ ನೋಡೋಣ," ಎಂದು ಹೇಳಿ ಹೊರಗೆ ಹೊರಟುಹೋದರು.

ಸಭೆ ಅಲ್ಲಿಗೇ ಮುಗಿಯಿತು. ಎಂಜಿನಿಯರ್ ಕಡತ ಕಟ್ಟಿಕೊಂಡರು. ಅರ್ಜಿ ಬಿದ್ದುಹೋಯಿತೋ, ಉಳಿಯಿತೋ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಚಪ್ಪಡಿಗಳಂತೂ ಬರಲಿಲ್ಲ.

ಆಮೇಲೆ ನಾಲ್ಕನೆಯ ದಿನ ಬೆಳಿಗ್ಗೆ, ಅಯ್ಯನವರು ದಂಡೆಯಲ್ಲಿ ಪಂಚೆ ಒಗೆಯುತ್ತಿದ್ದರು. ವೈಜಯಂತಿ ಕಲ್ಲಿನ ಮೇಲೆ ಕೂತು ಹುಂಡುಕೋಳಿಯ ಮರಿಗಳನ್ನು ಎಣಿಸುತ್ತಿದ್ದಳು. ಒಂದು ಸಲ ಐದು ಬಂದರೆ ಇನ್ನೊಂದು ಸಲ ನಾಲ್ಕು ಬರುತ್ತಿತ್ತು.

ತಿಮ್ಮರಾಯಪ್ಪ ಬಂದು ದಂಡೆಯ ಮೇಲೆ ನಿಂತರು. ಚಪ್ಪಲಿ ಬಿಡಲಿಲ್ಲ. ಕೂರಲೂ ಇಲ್ಲ.

"ಕುಂಡದಲ್ಲಿ ಸೊಳ್ಳೆಮರಿ ಇದ್ದವು, ಅಯ್ಯನವರೇ."

ವೈಜಯಂತಿಗೆ ಹುಂಡುಕೋಳಿ ಮರಿಗಳ ಎಣಿಕೆ ತಪ್ಪಿತು.

"ಆ ದಿನ ಮೇಡಂ ಬಗ್ಗಿ ನೋಡಿದರಲ್ಲ, ಅವರ ಮುಖ ನೋಡಿಯೇ ನನಗೆ ಏನೋ ಅನ್ನಿಸ್ತು. ಅವರು ಹೋದ ಮೇಲೆ ನಾನೂ ಬಗ್ಗಿ ನೋಡಿದೆ. ಈಗ ಒಂದೂ ಇಲ್ಲ. ಮೀನು ತಿಂದಿವೆ."

ಅಯ್ಯನವರು ಒಗೆಯುವುದನ್ನು ನಿಲ್ಲಿಸಿದರು.

"ಅದರಿಂದಲೇ ನನ್ನ ಮಗಳು ಹೋದಳಾ?"

ಭಾನುವಾರದ ಮಾತು ವೈಜಯಂತಿಯ ಬಾಯಿಯವರೆಗೆ ಬಂತು. ಅದು ಆ ತಂದೆಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಕೇಳುತ್ತಿದ್ದಾರೆ. ಅವಳು ಬಾಯಿ ಮುಚ್ಚಿಕೊಂಡಳು.

"ಗೊತ್ತಿಲ್ಲ ಕಣಪ್ಪ," ಎಂದರು ಅಯ್ಯನವರು.

"ಈ ಹಳ್ಳದಿಂದಲಾ?"

"ಅದೂ ಗೊತ್ತಿಲ್ಲ."

ತಿಮ್ಮರಾಯಪ್ಪ ಹರಿಯುವ ನೀರಿನ ಕಡೆ ತಿರುಗಿದರು.

"ಒಂದು ವರ್ಷದಿಂದ ಈ ಹಳ್ಳದ ಮೇಲೆ ಸಿಟ್ಟು ಇಟ್ಟುಕೊಂಡೇ ಬದುಕಿದೀನಿ, ಅಯ್ಯನವರೇ. ಬೆಳಿಗ್ಗೆ ಎದ್ದರೆ ಇದನ್ನ ಮುಚ್ಚಬೇಕು, ರಾತ್ರಿ ಮಲಗಿದರೆ ಇದನ್ನ ಮುಚ್ಚಬೇಕು. ಅದರಿಂದಲೇ ನಡೀತಿತ್ತು. ಈಗ ಅದೂ ಇಲ್ಲ ಅಂದರೆ... ಯಾರ ಮೇಲೆ ಸಿಟ್ಟು ಮಾಡಲಿ ನಾನು? ಎದ್ದು ಏನು ಮಾಡಲಿ?"

ಹೊಂಗೆಯ ಎಲೆಯೊಂದು ತೇಲಿಕೊಂಡು ಬಂದು, ಕಲ್ಲಿಗೆ ತಗುಲಿ, ತಿರುಗಿ, ಮುಂದೆ ಹೋಯಿತು.

ಅಯ್ಯನವರು ಉಟ್ಟದ್ದನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ ನೀರಿಗಿಳಿದರು. ಒಗೆಯುತ್ತಿದ್ದ ಪಂಚೆಯನ್ನು ಬಿಡಿಸಿ, ಅದರ ಒಂದು ತುದಿಯನ್ನು ದಂಡೆಯ ಕಡೆ ಚಾಚಿದರು.

ತಿಮ್ಮರಾಯಪ್ಪ ಆ ತುದಿಯನ್ನು ನೋಡಿದರು. ಒದ್ದೆ ಬಟ್ಟೆ ಮುದುಕರ ತೋಳನ್ನು ಕೆಳಗೆ ಎಳೆಯುತ್ತಿತ್ತು. ಆದರೂ ಅವರು ಕೈ ಇಳಿಸಲಿಲ್ಲ.

ವೈಜಯಂತಿ ಎದ್ದು ಸಹಾಯಕ್ಕೆ ಹೋಗಬೇಕೆಂದುಕೊಂಡಳು. ಹೋಗಬೇಕೋ ಬೇಡವೋ ತಿಳಿಯದೆ ಅಲ್ಲೇ ಕೂತಳು.

ಬಹಳ ಹೊತ್ತಿನ ಮೇಲೆ ತಿಮ್ಮರಾಯಪ್ಪ ಒಂದು ಚಪ್ಪಲಿ ಬಿಟ್ಟರು. ಆಮೇಲೆ ಇನ್ನೊಂದು. ಪ್ಯಾಂಟು ಮಡಚಿಕೊಳ್ಳದೆ ಹಾಗೇ ನೀರಿಗೆ ಕಾಲಿಟ್ಟರು. ತಣ್ಣಗಿನ ನೀರು ಅವರ ಕಣಕಾಲು ಸುತ್ತಿಕೊಂಡಾಗ ಒಮ್ಮೆ ಕಣ್ಣು ಮುಚ್ಚಿದರು. ಮುಂದೆ ಬಂದು ಪಂಚೆಯ ತುದಿ ಹಿಡಿದುಕೊಂಡರು.

ಇಬ್ಬರೂ ಬಗ್ಗಿ ನೀರು ಸೋಸಿದರು. ಎತ್ತಿದಾಗ ಬಟ್ಟೆಯ ನಡುವೆ ಏಳೆಂಟು ಚುಕ್ಕೆಗಳು ಮಿಡುಕಾಡಿದವು.

ಅಯ್ಯನವರು ಅವುಗಳನ್ನು ನೋಡಿದರು. ಆಮೇಲೆ ತಲೆ ಎತ್ತಿ ಕೇಳಿದರು:

"ನಿಮ್ಮ ಬೀದೀಲಿ ಮನೆ ಎಷ್ಟಿವೆ, ತಿಮ್ಮರಾಯಪ್ಪ?"